ಕಮರಾಕ್ಷಿ: ತಟ್ಟೆಗೆ ಚೆಂದ, ಬಾಯಿಗೆ ನಾಲ್ಕೇ ಹೋಳು

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಮನೆ. ಹಿತ್ತಿಲಲ್ಲಿ ಒಂದು ಕಮರಾಕ್ಷಿ ಮರ ಇದೆ. ಸ್ಟಾರ್ ಫ್ರೂಟ್ ಅಂದರೆ ಎಲ್ಲರಿಗೂ ಗೊತ್ತು, ಕರಾವಳಿಯವರು ದಾರೆಹುಳಿ ಅಂತಾರೆ. ಕಸಿ ಗಿಡವಾದ್ದರಿಂದ ಬೇಗನೇ ಕಾಯಿ ಹಿಡಿಯಿತು. ಗುಲಾಬಿ ಬಣ್ಣದ ಪುಟ್ಟ ಹೂವು ಕೊಂಬೆಗೇ ಅಂಟಿಕೊಂಡು ಅರಳುತ್ತದೆ. ರಾತ್ರಿ ಎಲೆಗಳು ಮಡಚಿಕೊಳ್ಳುತ್ತವೆ. ನೋಡಲು ಚೆಂದದ ಮರ. ಆದರೆ ಬಿಟ್ಟರೆ ಬುಟ್ಟಿಗಟ್ಟಲೆ ಬಿಡುತ್ತದೆ. ಅಕ್ಕಪಕ್ಕದವರು ಮೊದಲ ಸಲ ಖುಷಿಯಾಗಿ ತಗೊಂಡರು. ಆಮೇಲೆ "ಇನ್ನೂ ಇದೆ ಕಣ್ರೀ" ಅಂತ ನಗುತ್ತಾ ಜಾರಿಕೊಂಡರು. ಹಾಗಾಗಿ ಇದನ್ನು ಬಳಸುವ ದಾರಿಗಳನ್ನು ನಾನೇ ಹುಡುಕಿಕೊಳ್ಳಬೇಕಾಯಿತು.

ಮೊದಲು ಹಣ್ಣಿನ ಆಯ್ಕೆ. ಪೂರ್ತಿ ಹಸಿರಾಗಿದ್ದರೆ ಹಲ್ಲು ಚಳಿಯುವಷ್ಟು ಹುಳಿ. ಹಳದಿಗೆ ತಿರುಗಿ, ಏಣುಗಳ ಅಂಚು ಸ್ವಲ್ಪ ಕಂದಾಗಿದ್ದರೆ ತಿನ್ನಲು ಸರಿ. ಕಿತ್ತಿಟ್ಟರೆ ಬಣ್ಣ ಬರುತ್ತದೆ, ಸಿಹಿ ಹೆಚ್ಚುವುದಿಲ್ಲ. ಆದ್ದರಿಂದ ಮರದಲ್ಲೇ ಹಣ್ಣಾಗಲು ಬಿಡುತ್ತೇನೆ. ಗಿಳಿ ಬಿಟ್ಟಿದ್ದು ನಮಗೆ.

ಸಿಪ್ಪೆ ತೆಗೆಯುವ ಕೆಲಸ ಇಲ್ಲ. ತೊಳೆದು, ಏಣುಗಳ ಕಂದು ಅಂಚನ್ನು ಮಾತ್ರ ಪೀಲರ್‌ನಿಂದ ತೆಳುವಾಗಿ ಎಳೆದುಬಿಡಿ. ಎರಡೂ ತುದಿ ಕತ್ತರಿಸಿ, ಹರಿತವಾದ ಚಾಕುವಿನಲ್ಲಿ ಅಡ್ಡಡ್ಡ ಕೊಯ್ಯಿರಿ. ಅರ್ಧ ಸೆಂಟಿಮೀಟರ್ ದಪ್ಪ ಸಾಕು. ಅದಕ್ಕಿಂತ ತೆಳುವಾದರೆ ನಕ್ಷತ್ರ ಮುದುಡಿಕೊಳ್ಳುತ್ತದೆ. ಬೀಜವನ್ನು ಚಾಕುವಿನ ತುದಿಯಲ್ಲಿ ಎಬ್ಬಿಸಿ. ಹೋಳು ಬೇಗ ಕಪ್ಪಾಗುವುದಿಲ್ಲ, ಆದರೂ ಬಡಿಸುವ ಹೊತ್ತಿಗೇ ಕೊಯ್ದರೆ ಕಳೆ ಜಾಸ್ತಿ.

ನಮ್ಮ ಮರದ ಒಂದು ಬೆಳೆ ದಸರಾ ಹೊತ್ತಿಗೆ ಬರುತ್ತದೆ. ಗೊಂಬೆ ನೋಡಲು ಬಂದವರಿಗೆ ಹೆಸರುಬೇಳೆ ಕೋಸಂಬರಿ ಮಾಡುತ್ತೇನಲ್ಲ, ಅದಕ್ಕೆ ನಿಂಬೆಹುಳಿ ಬದಲು ಸಣ್ಣಗೆ ಹೆಚ್ಚಿದ ಕಮರಾಕ್ಷಿ. ಮೇಲೆ ಎರಡು ನಕ್ಷತ್ರ. ಮಕ್ಕಳು ಮೊದಲು ಅದನ್ನೇ ಎತ್ತಿಕೊಳ್ಳುತ್ತಾರೆ. ಕೇಸರಿಬಾತ್ ಮೇಲೂ ಚೆನ್ನಾಗಿ ಕೂರುತ್ತದೆ. ಹಾಲಿನ ಪಾಯಸದ ಹತ್ತಿರ ಮಾತ್ರ ತರಬೇಡಿ, ಒಡೆದುಹೋಗುತ್ತದೆ.

ನನ್ನ ಮಟ್ಟಿಗೆ ಇದರ ನಿಜವಾದ ರುಚಿ ಇರುವುದು ಗೊಜ್ಜಿನಲ್ಲಿ. ಅರೆಹಣ್ಣು ಬೇಕು. ಉದ್ದಿನಬೇಳೆ, ಕಡಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ, ಎಳ್ಳು ಹುರಿದು ಕೊಬ್ಬರಿ ಜೊತೆ ರುಬ್ಬಿಕೊಳ್ಳಿ. ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಗೆ ಹೋಳು, ಅರಿಶಿನ, ಉಪ್ಪು, ಸ್ವಲ್ಪ ನೀರು. ಹೋಳು ಮೆತ್ತಗಾಗುವ ಮುಂಚೆಯೇ ಮಸಾಲೆ, ಬೆಲ್ಲ ಹಾಕಿ. ಹುಣಸೆಹುಳಿ ಬೇಡವೇ ಬೇಡ. ಬೆಲ್ಲ ಮಂಡ್ಯದ್ದೇ ಆಗಲಿ, ಅದರಲ್ಲೂ ಕಪ್ಪು ಬೆಲ್ಲ. ಬಿಳಿ ಬೆಲ್ಲದಲ್ಲಿ ಆ ಗಾಢ ರುಚಿ ಬರೋದಿಲ್ಲ. ಜಾಸ್ತಿ ಕುದಿಸದಿದ್ದರೆ ನಕ್ಷತ್ರಗಳು ಗೊಜ್ಜಿನಲ್ಲೂ ಹಾಗೇ ಇರುತ್ತವೆ. ಅಕ್ಕಿರೊಟ್ಟಿಗೆ, ಮೊಸರನ್ನಕ್ಕೆ ಹೇಳಿ ಮಾಡಿಸಿದ್ದು. ಪಾತ್ರೆ ಸ್ಟೀಲಿನದೋ ಕಲ್ಚಟ್ಟಿಯೋ ಇರಲಿ. ಅಲ್ಯೂಮಿನಿಯಂ, ಕಲಾಯಿ ಇಲ್ಲದ ಹಿತ್ತಾಳೆ ಈ ಹುಳಿಗೆ ಆಗುವುದಿಲ್ಲ.

ಪೌಷ್ಟಿಕಾಂಶ? 100 ಗ್ರಾಂ ಹಣ್ಣಿನಲ್ಲಿ ಸುಮಾರು 30 ಕ್ಯಾಲೊರಿ, 34 ಮಿಲಿಗ್ರಾಂ ವಿಟಮಿನ್ ಸಿ, ಹತ್ತಿರ ಹತ್ತಿರ 3 ಗ್ರಾಂ ನಾರು. ಉಳಿದಿದ್ದು ಬಹುಪಾಲು ನೀರೇ. ವಿಟಮಿನ್ ಸಿ ಲೆಕ್ಕದಲ್ಲಿ ಕಿತ್ತಳೆಗಿಂತ ಕಡಿಮೆ, ಮಾವಿನಹಣ್ಣಿಗೆ ಸಮ. ಅದು ಬೇಕಿದ್ದರೆ ಹಸಿಯಾಗಿಯೇ ತಿನ್ನಬೇಕು. ಬೇಯಿಸಿದರೆ ಒಂದಷ್ಟು ಹೋಗುತ್ತದೆ.

ಇಷ್ಟು ಕೇಳಿದ ಮೇಲೆ ದಿನಾ ಒಂದು ಲೋಟ ಜ್ಯೂಸ್ ಕುಡಿಯೋಣ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಬೇಡ. ಈ ಹಣ್ಣಿನಲ್ಲಿ ಆಕ್ಸಲೇಟ್ (ಅತಿಯಾದರೆ ಮೂತ್ರಪಿಂಡದಲ್ಲಿ ಹರಳುಗಟ್ಟುವ ಅಂಶ) ತುಂಬಾ ಇದೆ, ಹುಳಿ ಜಾತಿಯಲ್ಲಿ ಇನ್ನೂ ಹೆಚ್ಚು. ಖಾಲಿ ಹೊಟ್ಟೆಯಲ್ಲಿ ಲೋಟಗಟ್ಟಲೆ ರಸ ಕುಡಿದು, ಮೊದಲು ಆರೋಗ್ಯವಾಗಿದ್ದವರ ಮೂತ್ರಪಿಂಡಕ್ಕೂ ಪೆಟ್ಟು ಬಿದ್ದದ್ದು ವೈದ್ಯಕೀಯ ವರದಿಗಳಲ್ಲಿ ಇದೆ. ಕಿಡ್ನಿ ತೊಂದರೆ ಇರುವವರಿಗಂತೂ ಅರ್ಧ ಹಣ್ಣೂ ಅಪಾಯ. ಕ್ಯಾರಂಬಾಕ್ಸಿನ್ ಅನ್ನುವ ನರವಿಷ ಇದರಲ್ಲಿದೆ. ಬ್ರೆಜಿಲ್‌ನ ವಿಜ್ಞಾನಿಗಳು 2013ರಲ್ಲಿ ಅದನ್ನು ಗುರುತಿಸಿದರು. ಕಿಡ್ನಿ ಸರಿಯಿದ್ದರೆ ಅದು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಇಲ್ಲದಿದ್ದರೆ ಮೈಯಲ್ಲೇ ಉಳಿದು ಮಿದುಳಿಗೆ ಏರುತ್ತದೆ. ಮೊದಲ ಲಕ್ಷಣ ಹೆಚ್ಚಾಗಿ ನಿಲ್ಲದ ಬಿಕ್ಕಳಿಕೆ, ಆಮೇಲೆ ಗೊಂದಲ, ಫಿಟ್ಸ್. ಸಾವೂ ಆಗಿದೆ. ಹಣ್ಣು ತಿಂದ ಕಿಡ್ನಿ ರೋಗಿಗೆ ಬಿಕ್ಕಳಿಕೆ ಶುರುವಾದರೆ ನೀರು ಕುಡಿಸುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ ಹೋಗಿ, ತಿಂದದ್ದನ್ನು ಹೇಳಿ.

ಅದಕ್ಕೇ ಬಡಿಸುವ ಮುಂಚೆ ನಾನು ಬಾಯಿಬಿಟ್ಟು ಕೇಳುತ್ತೇನೆ, "ಮನೇಲಿ ಯಾರಿಗಾದರೂ ಕಿಡ್ನಿ ತೊಂದರೆ ಇದೆಯಾ?" ಸಕ್ಕರೆ ಕಾಯಿಲೆ ಹಳೆಯದಾದರೆ ಕಿಡ್ನಿಗೂ ಪೆಟ್ಟಾಗಿರಬಹುದು, ಅಂಥವರಿಗೆ ಕಿಡ್ನಿ ಸರಿಯಿದೆ ಅಂತ ಡಾಕ್ಟರ್ ಹೇಳುವ ತನಕ ಕೊಡುವುದಿಲ್ಲ. ಕೆಲವರಿಗೆ ಇದು ಅತಿ ಅನ್ನಿಸಬಹುದು. ಅನ್ನಿಸಲಿ. ಅಲಂಕಾರಕ್ಕೆ ಇಟ್ಟಿದ್ದನ್ನೂ ಜನ ತಿಂದೇ ತಿನ್ನುತ್ತಾರೆ. ನಮ್ಮ ಮನೆಯಲ್ಲಿ ತಲೆಗೆ ಮೂರು ನಾಲ್ಕು ಹೋಳು, ಅದೂ ಊಟದ ಜೊತೆ. ತಟ್ಟೆ ಚೆಂದ ಕಾಣಲು ಅಷ್ಟೇ ಸಾಕಲ್ಲ.

ಮಿಕ್ಕ ಹುಳಿಕಾಯಿಗಳೂ ದಂಡವಾಗುವುದಿಲ್ಲ. ಕೊಯ್ದ ಹೋಳಿಗೆ ಉಪ್ಪು ಹಚ್ಚಿ ಹಿತ್ತಾಳೆ ದೀಪ ಉಜ್ಜಿ ನೋಡಿ, ಕಿಲುಬು ಬಿಡುತ್ತದೆ. ಉಜ್ಜಿದ ಕೂಡಲೇ ಚೆನ್ನಾಗಿ ತೊಳೆದು ಒಣಬಟ್ಟೆಯಲ್ಲಿ ಒರೆಸಿಡಿ.