ಶುಂಠಿ ಬಿಯರ್ ಜಾಡಿಯಲ್ಲಿ ಎಷ್ಟು ದಿನ ಇರಬಹುದು?

ಸಂತೆಗೆ ಹೊಸ ಶುಂಠಿ ಬಂತು ಅಂದರೆ ನಮ್ಮ ಮನೆಯಲ್ಲಿ ದೊಡ್ಡ ಗಾಜಿನ ಜಾಡಿ ಅಟ್ಟದಿಂದ ಕೆಳಗಿಳಿಯುತ್ತದೆ. ಆಲೂರು, ಬೇಲೂರು, ಅರಕಲಗೂಡು ಕಡೆ ಶುಂಠಿ ವ್ಯಾಪಾರ 60 ಕೆ.ಜಿ. ಮೂಟೆಯ ಲೆಕ್ಕದಲ್ಲಿ ನಡೆಯುತ್ತದೆ. ಶುಂಠಿ, ಸಕ್ಕರೆ ಹಾಕಿದ ನೀರನ್ನು ಹುದುಗಿಸಿ ಮಾಡುವ ಪಾನೀಯ ಶುಂಠಿ ಬಿಯರ್, ಅದಕ್ಕೆ ಬೇಕಾದದ್ದು ಒಂದು ಹಿಡಿ ಮಾತ್ರ. ಮಾಡಲು ಕಲಿತವರೆಲ್ಲ ಕೇಳುವುದು ಒಂದೇ ಪ್ರಶ್ನೆ: ಬಾಟಲಿಗೆ ತುಂಬುವ ಮುಂಚೆ ಜಾಡಿಯಲ್ಲಿ ಎಷ್ಟು ದಿನ ಬಿಡಬೇಕು? ಬೇಸಿಗೆಯಲ್ಲಿ ಎರಡು ದಿನ, ಡಿಸೆಂಬರ್ ಚಳಿಯಲ್ಲಿ ನಾಲ್ಕೈದು ದಿನ. ವಾರ ಮಾತ್ರ ದಾಟಿಸಬೇಡಿ.

ಮೊದಲು ಹೆಪ್ಪು. ಮೊಸರಿಗೆ ಬೇಕಲ್ವಾ, ಹಾಗೇ ಇದಕ್ಕೂ. ಯೀಸ್ಟ್ ಇರುವುದು ಶುಂಠಿಯ ಸಿಪ್ಪೆಯ ಮೇಲೆ. ಆದ್ದರಿಂದ ಮಣ್ಣು ಹೋಗುವಷ್ಟು ತೊಳೆಯಿರಿ, ಸಿಪ್ಪೆ ಹೆರೆಯಬೇಡಿ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಒಂದು ಚಮಚ ತುರಿದ ಶುಂಠಿ, ಒಂದು ಚಮಚ ಸಕ್ಕರೆ ಹಾಕಿ ಬಟ್ಟೆ ಕಟ್ಟಿಡಿ. ದಿನಾ ಅಷ್ಟಷ್ಟೇ ಮತ್ತೆ ಸೇರಿಸಿ ಕಲಕಿ. ನಾಲ್ಕರಿಂದ ಆರು ದಿನದಲ್ಲಿ ಶುಂಠಿಯ ಎಳೆಗಳೆಲ್ಲ ಮೇಲೆ ತೇಲುತ್ತವೆ, ಗಾಜಿಗೆ ಅಂಟಿಕೊಂಡು ಸಣ್ಣ ಗುಳ್ಳೆಗಳು ಏಳುತ್ತವೆ. ಕಿವಿ ಹತ್ತಿರ ಹಿಡಿದರೆ ಚುಸ್ ಅನ್ನುವ ಸದ್ದು ಕೇಳುತ್ತದೆ. ಆಗ ಹೆಪ್ಪು ಸಿದ್ಧ.

ಈಗ ಎರಡು ಲೀಟರ್ ನೀರಿಗೆ 60 ಗ್ರಾಂ ಜಜ್ಜಿದ ಶುಂಠಿ, 200 ಗ್ರಾಂ ಸಕ್ಕರೆ ಹಾಕಿ ಹತ್ತು ನಿಮಿಷ ಕುದಿಸಿ, ಪೂರ್ತಿ ತಣ್ಣಗಾಗಲು ಬಿಡಿ. ಬಿಸಿ ಇದ್ದಾಗ ಹೆಪ್ಪು ಹಾಕಿದರೆ ಯೀಸ್ಟ್ ಸಾಯುತ್ತದೆ. ಸೋಸಿ, ಎರಡು ನಿಂಬೆಹಣ್ಣಿನ ರಸ ಹಿಂಡಿ, ಅರ್ಧ ಲೋಟ ಹೆಪ್ಪಿನ ನೀರು ಬೆರೆಸಿ ಜಾಡಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ. ಹಿತ್ತಾಳೆ, ತಾಮ್ರದ ಪಾತ್ರೆ ಬೇಡ, ಹುಳಿ ತಾಗಿದರೆ ಕಿಲುಬು ಬಿಡುತ್ತದೆ.

ಇನ್ನು ದಿನ ಎಣಿಸುವ ಕೆಲಸ ನಾಲಿಗೆಯದು. ದೋಸೆ ಹಿಟ್ಟು ಏಪ್ರಿಲ್‌ನಲ್ಲಿ ಒಂದು ರಾತ್ರಿಗೆ ಉಕ್ಕುತ್ತದೆ, ಚಳಿಗಾಲದಲ್ಲಿ ಬೆಳಿಗ್ಗೆಯಾದರೂ ಹಾಗೇ ಕೂತಿರುತ್ತದೆ ಅಲ್ವಾ? ಇದೂ ಅದೇ ಲೆಕ್ಕ. ದಿನಕ್ಕೊಮ್ಮೆ ಒಣಗಿದ, ಶುಚಿಯಾದ ಚಮಚದಲ್ಲಿ ರುಚಿ ನೋಡಿ. ಮೊದಲ ದಿನ ಪಾನಕದ ಹಾಗೆ ಸಿಹಿ. ಯೀಸ್ಟ್ ಸಕ್ಕರೆ ತಿನ್ನುತ್ತಾ ಹೋದಂತೆ ಸಿಹಿ ಇಳಿದು ನಾಲಿಗೆಗೆ ಚುರುಕು ತಾಗುತ್ತದೆ. ಸಿಹಿ ಅರ್ಧದಷ್ಟು ಇಳಿದಾಗ ಬಾಟಲಿಗೆ ತುಂಬಿ.

ಬೇಗ ತುಂಬಿದರೆ ಸಕ್ಕರೆ ಜಾಸ್ತಿ ಉಳಿದು, ಮುಚ್ಚಿದ ಬಾಟಲಿಯಲ್ಲಿ ಗ್ಯಾಸ್ ಕಟ್ಟಿ ಒಡೆಯಬಹುದು. ತಡ ಮಾಡಿದರೆ ಏನಾಗುತ್ತದೆ ಅಂತ ನಾನೇ ನೋಡಿದ್ದೇನೆ. ಒಂದು ವರ್ಷ ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಮನೆ ತುಂಬ ನೆಂಟರು. ಜಾಡಿಯ ಕಡೆ ತಿರುಗಿ ನೋಡಲು ಒಂಬತ್ತು ದಿನ ಆಯಿತು. ಬಟ್ಟೆ ಬಿಚ್ಚಿದರೆ ವಿನೆಗರ್ ವಾಸನೆ ಮೂಗಿಗೆ ಹೊಡೆಯಿತು. ಅಷ್ಟನ್ನೂ ಚೆಲ್ಲಿದೆ. ಆ ಬೇಸರ ಇನ್ನೂ ಹೋಗಿಲ್ಲ.

ಬಾರ್ಲಿಯ ಬಿಯರ್ ಎರಡು ಮೂರು ವಾರ ಮೊದಲ ಪಾತ್ರೆಯಲ್ಲೇ ಇರುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ನಿಜ. ಆದರೆ ಆ ಪಾತ್ರೆಗೆ ಬಿಗಿ ಮುಚ್ಚಳ ಇರುತ್ತದೆ, ಗ್ಯಾಸ್ ಹೊರಗೆ ಹೋಗುತ್ತದೆ, ಗಾಳಿ ಒಳಗೆ ಬರುವುದಿಲ್ಲ. ಮದ್ಯಾಂಶ ಮತ್ತು ಬಿಯರಿಗೆ ಹಾಕುವ ಹಾಪ್ಸ್ ಎಂಬ ಕಹಿ ಹೂವು ಕೂಡ ಅದನ್ನು ಕೆಡದಂತೆ ಕಾಯುತ್ತವೆ. ನಮ್ಮದು ಬಟ್ಟೆ ಕಟ್ಟಿದ ಜಾಡಿ. ಗಾಳಿ ಸಿಕ್ಕಷ್ಟೂ ಹುಳಿ ಏರುತ್ತದೆ.

ದಿನ ಹೆಚ್ಚಾದಂತೆ ಮದ್ಯಾಂಶವೂ ಏರುತ್ತದೆ. ಎರಡು ಮೂರು ದಿನದ್ದರಲ್ಲೂ ಸ್ವಲ್ಪ ಇದ್ದೇ ಇರುತ್ತದೆ, ಹಾಗಾಗಿ ಮಕ್ಕಳಿಗೆ, ಬಸುರಿಯರಿಗೆ ಬೇಡ. ಅಮಲು ಬರಲಿ ಅಂತ ಬೇಕೆಂದೇ ಹೆಚ್ಚು ದಿನ ಬಿಡುವುದಂತೂ ಬೇಡವೇ ಬೇಡ. ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಕರ್ನಾಟಕ ಅಬಕಾರಿ ಕಾಯ್ದೆ 1965ರ ಪ್ರಕಾರ ಅಪರಾಧ.

ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ತಡವಾಗುತ್ತಿದೆ ಎಂದೇ ಅರ್ಥ. ಹಸಿರು, ಕಪ್ಪು ಬೂಷ್ಟು ಕಂಡರೆ ಪೂರ್ತಿ ಚೆಲ್ಲಿ, ಮೇಲಿನದನ್ನು ಮಾತ್ರ ತೆಗೆಯುವ ಯೋಚನೆ ಬೇಡ.

ತುಂಬಲು ಸೋಡಾದ ಪ್ಲಾಸ್ಟಿಕ್ ಬಾಟಲಿಯೇ ವಾಸಿ. ಎರಡು ಬೆರಳು ಜಾಗ ಬಿಟ್ಟು ಮುಚ್ಚಳ ಬಿಗಿ ಮಾಡಿ. ಹೊರಗೆ ಒಂದೆರಡು ದಿನ ಸಾಕು. ಅದುಮಿದರೆ ಕಲ್ಲಿನ ಹಾಗೆ ಗಟ್ಟಿ ಅನ್ನಿಸಿದಾಗ ಫ್ರಿಜ್ಜಿಗೆ ಇಟ್ಟು ವಾರದೊಳಗೆ ಕುಡಿದು ಮುಗಿಸಿ. ಉಳಿದ ಹೆಪ್ಪಿಗೆ ಮತ್ತೆ ನೀರು ಹಾಕಿ ಅದನ್ನೂ ಫ್ರಿಜ್ಜಿನಲ್ಲಿಡಿ. ವಾರಕ್ಕೊಮ್ಮೆ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಕೊಡುತ್ತಿದ್ದರೆ ಮುಂದಿನ ಜಾಡಿಗೆ ಅದೇ ಆಗುತ್ತದೆ.