ಬಾತ ಕೀಲುಗಳನ್ನು ಎಣಿಸಿ ಬರೆಯುವುದು: ಸಂಧಿವಾತದ ಚಿಕಿತ್ಸೆ ಮತ್ತು ಸಂಶೋಧನೆಯಲ್ಲಿ ನನ್ನ ಅನುಭವ

ಹುಬ್ಬಳ್ಳಿಯಲ್ಲಿ ನಾನು ನೋಡುವ ಕೀಲುಬಾವಿನ ರೋಗಿಗಳಲ್ಲಿ ಹೆಚ್ಚಿನವರು ಮೊದಲ ಭೇಟಿಗೇ ಒಂದು ಪ್ಲಾಸ್ಟಿಕ್ ಚೀಲದ ತುಂಬ ವರದಿಗಳನ್ನು ತಂದಿರುತ್ತಾರೆ. ಅದರಲ್ಲಿ ರಕ್ತಪರೀಕ್ಷೆಗಳಾದ ಆರ್‌ಎ ಫ್ಯಾಕ್ಟರ್ ಇರುತ್ತದೆ, ಎಎಸ್‌ಓ ಟೈಟರ್ ಇರುತ್ತದೆ, ಯೂರಿಕ್ ಆಸಿಡ್ ಇರುತ್ತದೆ, ಮೊಣಕಾಲಿನ ಎಕ್ಸ್‌ರೇ ಇರುತ್ತದೆ, ಕೆಲವೊಮ್ಮೆ ದುಬಾರಿಯಾದ ಎಎನ್‌ಎ ಪ್ರೊಫೈಲ್ ಕೂಡ ಇರುತ್ತದೆ. ಯಾವ ಯಾವ ಕೀಲು ಬಾತಿತ್ತು, ಎಂದಿನಿಂದ ಬಾತಿತ್ತು, ಔಷಧ ಕೊಟ್ಟ ಮೇಲೆ ಎಷ್ಟು ಇಳಿಯಿತು ಎಂಬುದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ. ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ ಎರಗುವ ರುಮಟಾಯ್ಡ್ ಸಂಧಿವಾತದಲ್ಲಿ ಈ ಮೂರು ಸಂಗತಿಗಳಿಲ್ಲದೆ ರೋಗವನ್ನು ಗುರುತಿಸಲೂ ಆಗುವುದಿಲ್ಲ, ಚಿಕಿತ್ಸೆಯನ್ನು ಸರಿದಾರಿಯಲ್ಲಿ ನಡೆಸಲೂ ಆಗುವುದಿಲ್ಲ, ಸಂಶೋಧನೆಯಂತೂ ದೂರದ ಮಾತು. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬರುವ ರೋಗಿಗಳಿಗಾಗಿ ಒಂದು ದಾಖಲೆ ಪದ್ಧತಿಯನ್ನು ಕಟ್ಟಿ, ಪ್ರತಿ ಭೇಟಿಯಲ್ಲೂ ಕೀಲುಗಳನ್ನು ಎಣಿಸಿ ಬರೆಯುವುದನ್ನು ನಾನು ಹೇಗೆ ರೂಢಿಸಿದೆ ಎಂಬುದನ್ನು ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಕೇಳುವುದು ಮುಂಜಾನೆಯ ಬಿಗಿತದ ಬಗ್ಗೆ. "ಬೆಳಿಗ್ಗೆ ಎಷ್ಟು ಹೊತ್ತು ಕೀಲು ಬಿಗಿಯಾಗಿರುತ್ತದೆ?" ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದರೆ "ದಿನಾ ಇರ್ತೈತ್ರಿ" ಎಂಬ ಉತ್ತರ ಬರುತ್ತದೆ, ಅದರಿಂದ ಹೊತ್ತಿನ ಲೆಕ್ಕ ಸಿಗುವುದಿಲ್ಲ. ಆದ್ದರಿಂದ "ಮುಂಜಾನೆ ಎಷ್ಟಕ್ಕ ಏಳ್ತೀರಿ? ರೊಟ್ಟಿ ಬಡಿಯಾಕ ಎಷ್ಟೊತ್ತಿಗೆ ಕುಂದರ್ತೀರಿ?" ಎಂದು ಕೇಳುತ್ತೇನೆ. ಕುಂದಗೋಳ ಕಡೆಯ ಒಬ್ಬ ಹೆಣ್ಣುಮಗಳು, "ಐದಕ್ಕ ಏಳ್ತೇನ್ರಿ ಸರ್, ಏಳರ ತನಕ ಹಿಟ್ಟಿಗೆ ಕೈ ಹಚ್ಚಾಕ ಆಗಂಗಿಲ್ರಿ. ಈಗ ಸೊಸಿನ ಬಡೀತಾಳ" ಎಂದರು. ಎರಡು ತಾಸಿನ ಬಿಗಿತ ಮತ್ತು ಕೈಬಿಟ್ಟುಹೋದ ಕೆಲಸ, ಎರಡೂ ಆ ಒಂದೇ ಉತ್ತರದಲ್ಲಿದ್ದವು. ಜೋಳದ ರೊಟ್ಟಿ ಬಡಿಯಲು ಅಂಗೈಯನ್ನು ಪೂರ್ತಿ ಬಿಚ್ಚಬೇಕು, ಮಣಿಕಟ್ಟನ್ನು ಹಿಂದಕ್ಕೆ ಬಾಗಿಸಬೇಕು, ಬೆರಳ ಬುಡದ ಮೇಲೆ ಭಾರ ಹಾಕಬೇಕು. ಈ ರೋಗ ಮೊದಲು ಹಿಡಿಯುವುದು ಬಹುಪಾಲು ಅದೇ ಕೀಲುಗಳನ್ನು. ವಯಸ್ಸಿನಿಂದ ಸವೆದ ಮೊಣಕಾಲಿನಲ್ಲೂ ಬಿಗಿತ ಇರುತ್ತದೆ, ಆದರೆ ಅದು ಸಾಮಾನ್ಯವಾಗಿ ಅರ್ಧ ತಾಸಿನೊಳಗೆ ಬಿಡುತ್ತದೆ ಮತ್ತು ನಡೆದಷ್ಟೂ ನೋವು ಹೆಚ್ಚುತ್ತದೆ. ಬಾವಿನ ಸಂಧಿವಾತದಲ್ಲಿ ಕೆಲಸ ಮಾಡಿದಷ್ಟೂ ಕೈ ಸಡಿಲವಾಗುತ್ತದೆ.

ಆಮೇಲೆ ಕೈಯನ್ನು ಕೈಯಲ್ಲಿ ಹಿಡಿದು ನೋಡುವ ಕೆಲಸ. ನಾಲ್ಕು ಬೆರಳ ಬುಡದ ಗೆಣ್ಣುಗಳನ್ನು ಎರಡೂ ಬದಿಯಿಂದ ಒಟ್ಟಿಗೆ ಮೆಲ್ಲನೆ ಅಮುಕಿದಾಗ ಮುಖ ಹಿಂಡಿಕೊಂಡರೆ, ಪ್ರತಿ ಕೀಲನ್ನೂ ಬೇರೆ ಬೇರೆಯಾಗಿ ನೋಡಲೇಬೇಕೆಂದು ಅರ್ಥ. ಒಂದೊಂದು ಕೀಲಿನ ಇಕ್ಕೆಲಗಳಲ್ಲಿ ನನ್ನ ಹೆಬ್ಬೆರಳುಗಳನ್ನಿಟ್ಟು, ಒಂದರಿಂದ ಒತ್ತಿ ಇನ್ನೊಂದರ ಕೆಳಗೆ ಏನಾದರೂ ಪುಟಿಯುತ್ತದೆಯೇ ಎಂದು ಗಮನಿಸುತ್ತೇನೆ. ಒಳಪೊರೆ ಉಬ್ಬಿದ ಬಾವು ನಾದಿದ ಹಿಟ್ಟಿನಂತೆ ಮೆತ್ತಗಿರುತ್ತದೆ. ಬೆರಳ ತುದಿಯ ಕೀಲಿನಲ್ಲಿ ಸವೆತದಿಂದ ಬೆಳೆದ ಗಂಟು ಎಲುಬಿನಷ್ಟೇ ಗಟ್ಟಿಯಾಗಿರುತ್ತದೆ. ಒತ್ತುವ ಬಲಕ್ಕೂ ಒಂದು ಅಳತೆ ಇದೆ: ಒತ್ತುವವನ ಉಗುರಿನ ಕೆಳಗಿನ ಕೆಂಪು ಬಿಳಿಚಿಕೊಳ್ಳುವಷ್ಟು, ಅದಕ್ಕಿಂತ ಹೆಚ್ಚಲ್ಲ. ಇಂದು ಜೋರಾಗಿ, ಮುಂದಿನ ತಿಂಗಳು ಮೆಲ್ಲಗೆ ಒತ್ತಿದರೆ ರೋಗ ಇಳಿಯದಿದ್ದರೂ ಇಳಿದಂತೆ ಕಾಣುತ್ತದೆ. ಹೀಗಾಗಿ ಕೀಲು ಎಣಿಸುವ ಕೆಲಸಕ್ಕೆ ಒಬ್ಬ ಫಿಸಿಯೋಥೆರಪಿಸ್ಟ್ ಅವರನ್ನು ತರಬೇತಿಗೊಳಿಸಿದೆವು. ರಕ್ತದ ವರದಿಯಾಗಲಿ, ರೋಗಿ ಯಾವ ಔಷಧದಲ್ಲಿದ್ದಾರೆ ಎಂಬುದಾಗಲಿ ಅವರಿಗೆ ತಿಳಿಯದಂತೆ, ನನ್ನ ಬಳಿ ಬರುವ ಮುಂಚೆಯೇ ಅವರು ಎಣಿಸಿ ಬರೆದಿಡುತ್ತಾರೆ.

ವರದಿಗಳ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ದೇಹ ತನ್ನದೇ ಪ್ರೋಟೀನುಗಳ ವಿರುದ್ಧ ತಯಾರಿಸುವ ಪ್ರತಿಕಾಯಗಳಲ್ಲೊಂದಾದ ಆರ್‌ಎ ಫ್ಯಾಕ್ಟರ್ ಪಾಸಿಟಿವ್ ಎಂದ ಮಾತ್ರಕ್ಕೆ ಸಂಧಿವಾತವಲ್ಲ. ಕ್ಷಯ, ಕುಷ್ಠ, ಹೆಪಟೈಟಿಸ್ ಸಿ ಇದ್ದವರಲ್ಲೂ, ಆರೋಗ್ಯವಂತ ವೃದ್ಧರಲ್ಲೂ ಅದು ಪಾಸಿಟಿವ್ ಬರುತ್ತದೆ. ಅಂಥದೇ ಇನ್ನೊಂದು ಪ್ರತಿಕಾಯವನ್ನು ಹುಡುಕುವ ಆಂಟಿ ಸಿಸಿಪಿ ಹೆಚ್ಚು ನಂಬಿಕಾರ್ಹವಾದ ಪರೀಕ್ಷೆ, ಒಂದೇ ಪರೀಕ್ಷೆಗೆ ಹಣವಿದೆ ಎನ್ನುವವರಿಗೆ ನಾನು ಅದನ್ನೇ ಬರೆಯುತ್ತೇನೆ. ಜೀವಕೋಶದ ಕೇಂದ್ರದ ವಿರುದ್ಧದ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. 1997ರಲ್ಲಿ ಪ್ರಕಟವಾದ ಒಂದು ಬಹುಕೇಂದ್ರ ಅಧ್ಯಯನದಲ್ಲಿ, ಯಾವ ರೋಗವೂ ಇಲ್ಲದವರಲ್ಲಿ 1:80 ದುರ್ಬಲನದಲ್ಲಿ (ಸೀರಮ್ಮನ್ನು 80 ಪಟ್ಟು ತೆಳುಗೊಳಿಸಿದಾಗ) ಸುಮಾರು ಶೇ. 13ರಷ್ಟು ಜನರಿಗೆ, 1:160ರಲ್ಲಿ ಶೇ. 5ರಷ್ಟು ಜನರಿಗೆ ಎಎನ್‌ಎ ಪಾಸಿಟಿವ್ ಇತ್ತು. ಬರಿಯ ಮೈಕೈ ನೋವಿಗೆ ಈ ಪರೀಕ್ಷೆ ಮಾಡಿಸಿ, ಲೂಪಸ್ (ರೋಗನಿರೋಧಕ ವ್ಯವಸ್ಥೆ ದೇಹದ ಹಲವು ಅಂಗಗಳ ಮೇಲೆ ಎರಗುವ ರೋಗ) ಇದೆಯೆಂದು ಹೆದರಿ ಬಂದ ಕುಟುಂಬಗಳನ್ನು ಸಮಾಧಾನಪಡಿಸುವುದಕ್ಕೆ ಬಹಳ ಹೊತ್ತು ಬೇಕಾಗುತ್ತದೆ.

ಅಮೆರಿಕ ಮತ್ತು ಯುರೋಪಿನ ರುಮಟಾಲಜಿ ಸಂಘಟನೆಗಳು ಸೇರಿ 2010ರಲ್ಲಿ ರೂಪಿಸಿದ ಮಾನದಂಡದಲ್ಲಿ ಒಟ್ಟು 10 ಅಂಕಗಳಿವೆ: ಕೀಲುಗಳಿಗೆ 5, ಪ್ರತಿಕಾಯಗಳಿಗೆ 3, ದೇಹದ ಉರಿಯೂತವನ್ನು ತೋರುವ ರಕ್ತಪರೀಕ್ಷೆಗಳಾದ ಇಎಸ್‌ಆರ್ ಅಥವಾ ಸಿಆರ್‌ಪಿಗೆ 1, ಆರು ವಾರ ಅಥವಾ ಅದಕ್ಕೂ ಹೆಚ್ಚಿನ ಅವಧಿಗೆ 1. ಆರು ಅಂಕ ಬಂದರೆ ರುಮಟಾಯ್ಡ್ ಸಂಧಿವಾತ ಎಂದು ವರ್ಗೀಕರಿಸಬಹುದು. ಆದರೆ ಬಾವಿಗೆ ಬೇರೆ ಕಾರಣ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಈ ಅಂಕಗಳನ್ನು ಕೂಡಬೇಕು ಎಂಬ ಷರತ್ತು ನಮ್ಮ ಭಾಗದಲ್ಲಿ ಎಲ್ಲಕ್ಕಿಂತ ಮುಖ್ಯವಾಗುತ್ತದೆ. 2006ರಲ್ಲಿ ಚಿಕೂನ್‌ಗುನ್ಯ ಹರಡಿದಾಗ ಕರ್ನಾಟಕ ಒಂದರಲ್ಲೇ 7 ಲಕ್ಷಕ್ಕೂ ಹೆಚ್ಚು ಶಂಕಿತ ಪ್ರಕರಣಗಳು ದಾಖಲಾದವು. ಆ ಜ್ವರದ ನಂತರ ಎರಡೂ ಕೈಗಳ ಸಣ್ಣ ಕೀಲುಗಳು ಬಾತು ತಿಂಗಳುಗಟ್ಟಲೆ ಉಳಿದರೆ, ಈ ಮಾನದಂಡದ ಅಂಕಗಳೂ ತುಂಬಿಬಿಡಬಹುದು. ಆದ್ದರಿಂದ ಮನೆಯಲ್ಲಿ, ಓಣಿಯಲ್ಲಿ ಬೇರೆ ಯಾರಿಗಾದರೂ ಜ್ವರ ಬಂದು ಕೀಲು ಹಿಡಿದಿತ್ತೇ ಎಂಬ ಪ್ರಶ್ನೆ ನಮ್ಮ ನಮೂನೆಯ ಮೊದಲ ಪುಟದಲ್ಲೇ ಇದೆ. ಕ್ಷಯ ಮತ್ತು ಕುಷ್ಠದ ಲಕ್ಷಣಗಳನ್ನೂ ಅದೇ ಪುಟದಲ್ಲಿ ವಿಚಾರಿಸುತ್ತೇವೆ, ಮರಗಟ್ಟಿದ ಮಚ್ಚೆ ಇದೆಯೇ ಎಂದು ಚರ್ಮವನ್ನು ಪರೀಕ್ಷಿಸುತ್ತೇವೆ.

ರೋಗ ಖಚಿತವಾದ ಮೇಲೆ ಅದರ ತೀವ್ರತೆಯ ಅಳತೆಗೆ ಡಿಎಎಸ್ 28 ಎಂಬ ಅಂಕವನ್ನು ಬಳಸುತ್ತೇವೆ. ಭುಜ, ಮೊಣಕೈ, ಮಣಿಕಟ್ಟು, ಮೊಣಕಾಲು, ಎರಡೂ ಕೈಗಳ ಬೆರಳ ಬುಡದ ಮತ್ತು ನಡುವಿನ ಕೀಲುಗಳು ಸೇರಿ 28 ಕೀಲುಗಳಲ್ಲಿ ನೋವಿರುವುದು ಎಷ್ಟು, ಬಾವಿರುವುದು ಎಷ್ಟು, ಇಎಸ್‌ಆರ್ ಎಷ್ಟು, ತಮ್ಮ ರೋಗದ ಬಗ್ಗೆ ರೋಗಿ ಕೊಡುವ ಅಂಕ ಎಷ್ಟು ಎಂಬುದರಿಂದ ಒಂದು ಸಂಖ್ಯೆ ಬರುತ್ತದೆ. ಅದು 5.1 ದಾಟಿದರೆ ರೋಗ ತೀವ್ರ, 2.6ಕ್ಕಿಂತ ಕೆಳಗಿದ್ದರೆ ಉಪಶಮನ, ಅಂದರೆ ರೋಗ ಬಹುಪಾಲು ಶಾಂತವಾಗಿದೆ. ಇಲ್ಲಿ ಎರಡು ತೊಡಕುಗಳಿವೆ. ನಮ್ಮ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಬಹಳ, ರಕ್ತಹೀನತೆಯಿಂದಲೇ ಇಎಸ್‌ಆರ್ ಏರುತ್ತದೆ. ಕೀಲು ಶಾಂತವಾಗಿದ್ದರೂ ಸಂಖ್ಯೆ ಮೇಲೆಯೇ ಉಳಿಯುತ್ತದೆ. ಅದಕ್ಕಾಗಿ ಹಿಮೋಗ್ಲೋಬಿನ್ ಮತ್ತು ಸಿಆರ್‌ಪಿಯನ್ನು ಜೊತೆಗಿಟ್ಟು ಓದುತ್ತೇವೆ. ಎರಡನೆಯದಾಗಿ, ಈ 28ರ ಎಣಿಕೆಯಲ್ಲಿ ಪಾದದ ಕೀಲುಗಳು ಸೇರಿಲ್ಲ. ಹೊಲದಲ್ಲಿ ಬರಿಗಾಲಲ್ಲಿ ದುಡಿಯುವವರಿಗೆ ಕಾಲ್ಬೆರಳ ಬುಡದ ನೋವೇ ದೊಡ್ಡ ತೊಂದರೆ, ಎಷ್ಟೋ ಜನರಲ್ಲಿ ರೋಗ ಅಲ್ಲಿಂದಲೇ ಶುರುವಾಗಿರುತ್ತದೆ. ಅಂಕದಲ್ಲಿ ಸೇರದಿದ್ದರೂ ಪಾದಗಳಿಗೆ ನಮ್ಮ ನಮೂನೆಯಲ್ಲಿ ಪ್ರತ್ಯೇಕ ಅಂಕಣ ಇಟ್ಟಿದ್ದೇವೆ, ಚಪ್ಪಲಿ ಬಿಚ್ಚಿಸಿ ನೋಡದೆ ಆ ಅಂಕಣ ತುಂಬಬಾರದೆಂದು ನಿಯಮ ಮಾಡಿದ್ದೇವೆ.

ಇಷ್ಟೆಲ್ಲ ಎಣಿಕೆ ಏಕೆ ಎಂದು ಕಿರಿಯ ವೈದ್ಯರು ಕೇಳುತ್ತಾರೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಟಿಕೋರಾ ಅಧ್ಯಯನವನ್ನು ನಾನು ಅವರಿಗೆ ಓದಿಸುತ್ತೇನೆ. ಎರಡೂ ಗುಂಪಿನ ರೋಗಿಗಳಿಗೆ ಸಿಕ್ಕಿದ್ದು ಹಳೆಯ, ಅಗ್ಗದ ಔಷಧಗಳೇ. ಒಂದು ಗುಂಪನ್ನು ಪ್ರತಿ ತಿಂಗಳು ಅಳೆದು, ಗುರಿ ಮುಟ್ಟದಿದ್ದರೆ ಅಂದೇ ಚಿಕಿತ್ಸೆಯನ್ನು ಏರಿಸಿದರು; ಇನ್ನೊಂದು ಗುಂಪನ್ನು ವಾಡಿಕೆಯಂತೆ ನೋಡಿದರು. ಹದಿನೆಂಟು ತಿಂಗಳ ಕೊನೆಗೆ ಮೊದಲ ಗುಂಪಿನಲ್ಲಿ ಶೇ. 65ರಷ್ಟು, ಎರಡನೆಯದರಲ್ಲಿ ಶೇ. 16ರಷ್ಟು ಜನ ಉಪಶಮನ ಕಂಡಿದ್ದರು. ತಿಂಗಳಿಗೆ ಸಾವಿರಾರು ರೂಪಾಯಿಯ ಚುಚ್ಚುಮದ್ದು ಕೊಳ್ಳಲಾಗದ ರೋಣ, ಸವಣೂರು, ಶಿರಹಟ್ಟಿ ಕಡೆಯ ರೋಗಿಗಳಿಗೆ ಇದಕ್ಕಿಂತ ಭರವಸೆಯ ಫಲಿತಾಂಶ ನನಗೆ ಬೇರೆ ಕಂಡಿಲ್ಲ.

ಕೆಲಸ ಮಾಡುವ ಶಕ್ತಿಯನ್ನು ಅಳೆಯಲು 1980ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಪ್ರಶ್ನಾವಳಿಯೊಂದಿದೆ. ಮಾಂಸವನ್ನು ಕತ್ತರಿಸಬಲ್ಲಿರಾ, ಕಾರಿನಿಂದ ಇಳಿಯಬಲ್ಲಿರಾ, ಟಬ್ಬಿನಲ್ಲಿ ಸ್ನಾನ ಮಾಡಬಲ್ಲಿರಾ ಎಂಬ ಪ್ರಶ್ನೆಗಳು ಅದರಲ್ಲಿವೆ. ನವಲಗುಂದದ ರೈತ ಮಹಿಳೆಗೆ ಇವುಗಳಿಂದ ಉಪಯೋಗ ಕಡಿಮೆ. ರೊಟ್ಟಿ ಬಡಿಯುವುದು, ಕೊಡ ಎತ್ತುವುದು, ಬಟ್ಟೆ ಹಿಂಡುವುದು, ಸೀರೆಯ ನಿರಿಗೆ ಹಿಡಿಯುವುದು, ಚಕ್ಕಳಮಕ್ಕಳ ಹಾಕಿ ಕೂಡುವುದು, ಕುಕ್ಕರುಗಾಲಲ್ಲಿ ಕೂತು ಏಳುವುದು ಇವುಗಳನ್ನು ನಾವು ಕೇಳಿ ಬರೆಯುತ್ತೇವೆ. ಆದರೆ ಇದನ್ನು ಮೂಲ ಪ್ರಶ್ನಾವಳಿಯ ಅಂಕವೆಂದು ಎಲ್ಲಿಯೂ ಹೇಳುವುದಿಲ್ಲ. ಪ್ರಶ್ನೆ ಬದಲಾದರೆ ಅಳತೆಗೋಲೂ ಬದಲಾಗುತ್ತದೆ, ಅದನ್ನು ಮತ್ತೆ ಪರೀಕ್ಷೆಗೆ ಒಳಪಡಿಸಿಯೇ ಸಂಶೋಧನೆಗೆ ಬಳಸಬೇಕು.

ಚಿಕಿತ್ಸೆಯ ಆಧಾರ, ರೋಗನಿರೋಧಕ ವ್ಯವಸ್ಥೆಯ ಈ ಎರಗುವಿಕೆಯನ್ನು ತಗ್ಗಿಸುವ ಮೆಥೊಟ್ರೆಕ್ಸೇಟ್. 1980ರ ದಶಕದ ಅಧ್ಯಯನಗಳಿಂದ ಈ ರೋಗದಲ್ಲಿ ನೆಲೆಯೂರಿದ ಈ ಗುಳಿಗೆಯನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನಾ ತೆಗೆದುಕೊಂಡರೆ ಎಲುಬಿನ ಮಜ್ಜೆ ಕುಂದಿ, ಬಾಯಿ ಹುಣ್ಣಾಗಿ, ಜೀವಕ್ಕೇ ಅಪಾಯವಾಗುತ್ತದೆ. ಚೀಟಿಯಲ್ಲಿ ನಾನು ಸಂಕ್ಷಿಪ್ತ ಅಕ್ಷರಗಳನ್ನು ಬರೆಯುವುದಿಲ್ಲ. "ನಿಮ್ಮೂರ ಸಂತಿ ಯಾವ ದಿನರಿ?" ಎಂದು ಕೇಳಿ, ಮಂಗಳವಾರ ಎಂದರೆ "ಮಂಗಳವಾರ ಮಾತ್ರ, ರಾತ್ರಿ ಊಟದ ನಂತರ" ಎಂದು ಕನ್ನಡದಲ್ಲಿ ಪೂರ್ತಿ ಬರೆದು, ಉಳಿದ ಆರು ದಿನಗಳ ಮುಂದೆ ಗೆರೆ ಎಳೆದ ಕಾರ್ಡು ಕೊಡುತ್ತೇನೆ. ಅಡ್ಡಪರಿಣಾಮ ತಗ್ಗಿಸಲು ಕೊಡುವ ಫೋಲಿಕ್ ಆಸಿಡ್ ಬೇರೆ ದಿನಕ್ಕೆ. ಅಂಗಡಿಗಳಲ್ಲಿ ಈ ಗುಳಿಗೆ ಹಲವು ಪ್ರಮಾಣಗಳಲ್ಲಿ ಸಿಗುವುದರಿಂದ ಒಬ್ಬ ರೋಗಿಗೆ ಒಂದೇ ಪ್ರಮಾಣದ ಗುಳಿಗೆಯನ್ನು ಬರೆದು, ಪ್ರಮಾಣ ಏರಿಸುವಾಗ ಗುಳಿಗೆಗಳ ಸಂಖ್ಯೆಯನ್ನಷ್ಟೇ ಬದಲಿಸುತ್ತೇನೆ. ಶುರುಮಾಡುವ ಮುಂಚೆ ರಕ್ತಕಣ, ಯಕೃತ್ತು, ಮೂತ್ರಪಿಂಡ, ಹೆಪಟೈಟಿಸ್ ಪರೀಕ್ಷೆಗಳು ಆಗಲೇಬೇಕು. ಒಣಕೆಮ್ಮು, ಏದುಸಿರು, ಜ್ವರ, ಬಾಯಿಹುಣ್ಣು ಕಂಡರೆ ಗುಳಿಗೆ ನಿಲ್ಲಿಸಿ ಬರಬೇಕು. ಮಗು ಬಯಸುವ ಹೆಣ್ಣುಮಕ್ಕಳಿಗೆ ಈ ಔಷಧವನ್ನು ಮುಂಚಿತವಾಗಿಯೇ ನಿಲ್ಲಿಸಿ, ಗರ್ಭಾವಸ್ಥೆಯಲ್ಲಿ ನಡೆಯುವ ಸಲ್ಫಾಸಲಜೀನ್ ಅಥವಾ ಹೈಡ್ರಾಕ್ಸಿಕ್ಲೋರೋಕ್ವಿನ್‌ಗೆ ಬದಲಿಸುತ್ತೇವೆ. ಈ ಮಾತನ್ನು ಗಂಡನನ್ನೂ ಕೂರಿಸಿಕೊಂಡು ಹೇಳುತ್ತೇನೆ, ಏಕೆಂದರೆ ಮನೆಯವರಿಗೆ ಗೊತ್ತಿರದ ಎಚ್ಚರಿಕೆ ಮನೆಯಲ್ಲಿ ನಡೆಯುವುದಿಲ್ಲ.

"ಇದು ಕ್ಯಾನ್ಸರ್ ಗುಳಿಗಿ ಅಂತಲ್ರಿ" ಎಂದು ಯಾರೋ ಹೇಳಿದ್ದನ್ನು ಕೇಳಿ ಬಿಟ್ಟುಬಿಡುವವರಿದ್ದಾರೆ. ಕ್ಯಾನ್ಸರಿಗೆ ಕೊಡುವ ಪ್ರಮಾಣ ಎಷ್ಟೋ ಪಟ್ಟು ದೊಡ್ಡದು, ಇಲ್ಲಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ ಮಾತ್ರ ಎಂದು ಮೊದಲ ದಿನವೇ ಹೇಳಿದರೆ, ಆಮೇಲೆ ಅಂಗಡಿಯಲ್ಲಿ ಕೇಳಿದ ಮಾತು ಅಷ್ಟಾಗಿ ಅಂಜಿಸುವುದಿಲ್ಲ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕೆಂಬುದನ್ನೂ ಅದೇ ದಿನ ಹೇಳಬೇಕು.

ಆ ನಡುವಿನ ವಾರಗಳಿಗೆ ಸ್ಟೆರಾಯ್ಡ್ ನೆರವಾಗುತ್ತದೆ. ಅಮೆರಿಕದ ವೈದ್ಯ ಫಿಲಿಪ್ ಹೆಂಚ್ 1948ರಲ್ಲಿ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಎಂಬ ಸ್ಟೆರಾಯ್ಡ್ ಕೊಟ್ಟು ಕಂಡ ಫಲಕ್ಕೆ 1950ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂದಿತು, ಕೆಲವೇ ವರ್ಷಗಳಲ್ಲಿ ಅದರ ಹಾನಿಯೂ ಜಗತ್ತಿಗೆ ತಿಳಿಯಿತು. ಕಡಿಮೆ ಪ್ರಮಾಣದಲ್ಲಿ ಕೊಟ್ಟು ಮೂರು ತಿಂಗಳೊಳಗೆ ಇಳಿಸಿ ನಿಲ್ಲಿಸುವುದು ನಮ್ಮ ಪದ್ಧತಿ. ಹೆಸರಿಲ್ಲದ ಪೊಟ್ಟಣದ ಪುಡಿ ತಿಂದು ಮುಖ ಊದಿಸಿಕೊಂಡು ಬಂದವರಿಗೆ ಅದನ್ನು ಅಂದೇ ಬಿಡಿ ಎಂದು ಹೇಳುವುದಿಲ್ಲ. ಅದರಲ್ಲಿ ಸ್ಟೆರಾಯ್ಡ್ ಇದ್ದರೆ ಥಟ್ಟನೆ ಬಿಟ್ಟಾಗ ರಕ್ತದೊತ್ತಡ ಕುಸಿಯಬಹುದು. ತಿಳಿದ ಪ್ರಮಾಣದ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್‌ಗೆ ಬದಲಿಸಿ ನಿಧಾನವಾಗಿ ಇಳಿಸುತ್ತೇವೆ.

ಲೂಪಸ್ ಬಗ್ಗೆ ಇಲ್ಲಿ ಒಂದೇ ಮಾತು. ಹರೆಯದ ಹೆಣ್ಣುಮಗಳಿಗೆ ಕೀಲುನೋವಿನ ಜೊತೆ ಬಿಸಿಲಿಗೆ ಕೆರಳುವ ಗುಳ್ಳೆ, ಬಾಯಿಹುಣ್ಣು, ಕೂದಲುದುರುವಿಕೆ ಇದ್ದರೆ ಪ್ರತಿ ಭೇಟಿಯಲ್ಲೂ ರಕ್ತದೊತ್ತಡ ಮತ್ತು ಮೂತ್ರದ ಪ್ರೋಟೀನ್ ನೋಡಲೇಬೇಕು. ಮೂತ್ರಪಿಂಡ ಹಾಳಾಗುವಾಗ ನೋವಿರುವುದಿಲ್ಲ.

ದಾಖಲೆಯನ್ನು ಸಂಶೋಧನೆಗೆ ಬಳಸಲು ನೈತಿಕ ಸಮಿತಿಯ ಅನುಮತಿ ಪಡೆದು, ಒಪ್ಪಿಗೆ ಪತ್ರವನ್ನು ಕನ್ನಡದಲ್ಲೇ ಬರೆದೆವು. ಓದು ಬಾರದವರ ಮುಂದೆ ಅದನ್ನು ಓದಿ ಹೇಳುವಾಗ, ನಮ್ಮ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಹಾಜರಿದ್ದು ಸಹಿ ಮಾಡಬೇಕು. ನಾನೇ ಕೇಳಿದರೆ "ನೀವ್ ಹೇಳಿದಂಗ ಆಗಲ್ರಿ ಸಾಹೇಬ್ರ" ಎಂದುಬಿಡುತ್ತಾರೆ. ಅದು ನನ್ನ ಮೇಲಿನ ಗೌರವ, ಅಧ್ಯಯನಕ್ಕೆ ಒಪ್ಪಿಗೆಯಲ್ಲ. ಹಾಗಾಗಿ ಚಿಕಿತ್ಸೆ ಕೊಡದ ಸಿಬ್ಬಂದಿಯೊಬ್ಬರು ವಿವರಿಸುತ್ತಾರೆ, ಪತ್ರವನ್ನು ಮನೆಗೆ ಒಯ್ದು ಮುಂದಿನ ಭೇಟಿಯಲ್ಲಿ ಉತ್ತರ ಹೇಳಲು ಬಿಡುತ್ತೇವೆ. ಒಪ್ಪದವರ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಮತ್ತೆ ಬರದವರ ಲೆಕ್ಕ. ಮುಂಗಾರು ಬಿತ್ತನೆ, ಹೆಸರಿನ ಕೊಯ್ಲು, ಬ್ಯಾಡಗಿ ಕಡೆಯಲ್ಲಿ ಮೆಣಸಿನಕಾಯಿ ಬಿಡಿಸುವ ದಿನಗಳಲ್ಲಿ ಭೇಟಿಗಳು ತಪ್ಪುತ್ತವೆ. ಗುಣವಾಗಿ ಹೊಲಕ್ಕೆ ಹೋದವರೂ ಬರುವುದಿಲ್ಲ, ಔಷಧ ತಾಳದೆ ಬೇಸತ್ತವರೂ ಬರುವುದಿಲ್ಲ. ಬಂದವರನ್ನು ಮಾತ್ರ ಎಣಿಸಿದರೆ ಚಿಕಿತ್ಸೆಯ ಫಲ ಇರುವುದಕ್ಕಿಂತ ಬೇರೆಯಾಗಿ ಕಾಣುತ್ತದೆ. ಆದ್ದರಿಂದ ತಪ್ಪಿದ ಪ್ರತಿ ಭೇಟಿಗೂ ಫೋನ್ ಮಾಡಿ ಕಾರಣ ಬರೆದುಕೊಳ್ಳುತ್ತೇವೆ, ರಕ್ತ ಪರೀಕ್ಷೆಯನ್ನು ತಾಲೂಕಿನಲ್ಲೇ ಮಾಡಿಸಿ ವರದಿಯ ಫೋಟೋ ಕಳಿಸಲು ಹೇಳುತ್ತೇವೆ. ಬಾವನ್ನು ಫೋನಿನಲ್ಲಿ ಎಣಿಸಲಾಗುವುದಿಲ್ಲವಾದ್ದರಿಂದ ಆ ಅಂಕಣವನ್ನು ಹಿಂದಿನ ಸಂಖ್ಯೆಯಿಂದ ತುಂಬದೆ ಖಾಲಿ ಬಿಡುತ್ತೇವೆ. ವಿಶ್ಲೇಷಣೆಯ ಹೊತ್ತಿಗೆ ಅಂಥ ಭೇಟಿಗಳನ್ನೂ ಅವುಗಳ ಕಾರಣಗಳನ್ನೂ ಪ್ರತ್ಯೇಕ ಕೋಷ್ಟಕದಲ್ಲಿ ತೋರಿಸುತ್ತೇವೆ.