ರಾಜವಂಶಕ್ಕೂ ಮೊದಲು ಉಪ್ಪು

ಫ್ಯಾಂಟಸಿ ಕಾದಂಬರಿಯ ಲೋಕವನ್ನು ಉಪ್ಪಿನ ಲೆಕ್ಕದಿಂದ ಕಟ್ಟುತ್ತೇನೆ ಎಂದಾಗ ‘ಇದು ಕಥೆಯಲ್ಲ ಮಾರಾಯ, ಲೋಕೋಪಯೋಗಿ ಇಲಾಖೆ ಕೆಲಸ’ ಎಂದು ನಕ್ಕವರೇ ಹೆಚ್ಚು. ಈಗ 340 ಪುಟದಷ್ಟು ಕರಡು ಮುಗಿದಿದೆ. ಕಥೆಯೊಳಗಿನ ಪ್ರಯಾಣದ ದಿನಗಳ ಲೆಕ್ಕದಲ್ಲಿ ತಪ್ಪು ಹುಡುಕಿಕೊಟ್ಟವರಿಗೆ ಊಟ ಹಾಕಿಸುತ್ತೇನೆ ಅಂದಿದ್ದೆ; ಇನ್ನೂ ಜೇಬಿಗೆ ಕೈ ಹಾಕಿಲ್ಲ.

ಹಿಂದಿನ ಎರಡು ಸಲ ದೇವರು, ಯುಗ, ವಂಶಾವಳಿ ಅಂತ ಹೊರಟು ಕೆಟ್ಟಿತ್ತು. ಭೂಪಟ ಬರೆಸಲು ಆರು ಸಾವಿರದ ಹತ್ತಿರ ಹೋಯಿತು. ನೋಡಲು ಚಂದ, ಆದರೆ ನಾನು ಕೊಟ್ಟ ಗೀಚುಚಿತ್ರದಲ್ಲೇ ನದಿ ಬಯಲಿನ ನಡುವೆ ಕವಲೊಡೆದು ಎರಡು ಕಡಲಿಗೆ ಹರಿಯುತ್ತಿತ್ತು. ಹೊಳೆಗಳು ಕೂಡುತ್ತಾ ಬರುತ್ತವೆ; ಕಡಲ ಬಾಯಿಯ ಮುಖಜಭೂಮಿ ಬಿಟ್ಟರೆ ಒಡೆಯುವುದು ಅಪರೂಪ. ಆಮೇಲೆ ನಕ್ಷೆಯ ಸಾಫ್ಟ್‌ವೇರ್‌ಗೆ ಎರಡೂವರೆ ಸಾವಿರ. ಅದರಲ್ಲಿ ಬೆಟ್ಟ ಒತ್ತುವುದು ತೀರಾ ಸುಲಭ, ಹಾಗಾಗಿ ಜಾಗ ಖಾಲಿ ಕಂಡಲ್ಲೆಲ್ಲ ಬೆಟ್ಟ ಬಂದು ಕೂತವು. ಕಡೆಗೆ ಕೈಹಿಡಿದದ್ದು ಗ್ರಾಫ್ ಹಾಳೆ, ಪೆನ್ಸಿಲ್, ರಬ್ಬರು. ನೂರು ರೂಪಾಯಿಯೂ ಆಗಲಿಲ್ಲ.

ಒಂದು ಸೆಂಟಿಮೀಟರಿಗೆ 20 ಕಿ.ಮೀ., ಅಂದರೆ ಎತ್ತಿನಗಾಡಿಯ ಒಂದು ದಿನದ ದಾರಿ. ಮೊದಲು ಘಟ್ಟದ ಗೆರೆ, ನಂತರ ಮಳೆಗಾಳಿಯ ಬಾಣ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ದಾಟುವ ಮಳೆ, ಅಲ್ಲಿಂದ ಸುಮಾರು 200 ಕಿ.ಮೀ. ದೂರದ ಚಳ್ಳಕೆರೆಯಲ್ಲಿ 500ಕ್ಕೂ ಕಡಿಮೆ. ಅದೇ ಅನುಪಾತ ಎತ್ತಿಟ್ಟೆ. ಬಾಣದ ಎದುರಿಗೆ ಕಾಡು, ಘಟ್ಟದ ಬೆನ್ನಿಗೆ ಕುರುಚಲು. ಎಲ್ಲಿ ಭತ್ತ, ಎಲ್ಲಿ ರಾಗಿ, ಎಲ್ಲಿ ಬರೀ ಕುರಿ ಎಂಬುದು ಆಮೇಲೆ ತಾನಾಗಿ ಬಿತ್ತು. ಉಪ್ಪು ಮಾತ್ರ ಕರಾವಳಿಯ ಗಜನಿಯಲ್ಲೇ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆಯಲ್ಲೇ, ಬೆಳೆಯಬೇಕು. ಕಥೆ ಹುಟ್ಟಿದ್ದು ಅಲ್ಲಿ.

ಗಾಡಿಯ ಲೆಕ್ಕ ಮೊದಲು ಕೈಕೊಟ್ಟಿತು. ಜೋಡೆತ್ತಿನ ಗಾಡಿಗೆ ಎಂಟು ಕ್ವಿಂಟಲ್ ಹೇರಿದೆ ಅನ್ನಿ. ಎತ್ತುಗಳಿಗೆ ದಿನಕ್ಕೆ 15 ಕೆಜಿ ಒಣಮೇವು, ಇಬ್ಬರು ಆಳುಗಳಿಗೆ ಎರಡು ಕೆಜಿ ಕಾಳು. ಹತ್ತು ದಿನ ಹೋಗಿ ಹತ್ತು ದಿನ ಬರುವಷ್ಟರಲ್ಲಿ 340 ಕೆಜಿ ಹೊಟ್ಟೆಗೇ ಹೋಯಿತು. ಮಾರಲು ಉಳಿಯುವುದು 460. ಇಪ್ಪತ್ತು ದಿನದ ಊರಿಗೆ ಹೋದರೆ 120. ನನ್ನ ರಾಜಧಾನಿ ಇದ್ದದ್ದು 26ನೇ ದಿನಕ್ಕೆ! ಅಲ್ಲಿ ಉಪ್ಪೇ ಇಲ್ಲ. ರಾಜಧಾನಿ ಎತ್ತಿಡಲು ಮನಸ್ಸಾಗಲಿಲ್ಲ. ಲಂಬಾಣಿಗರ ಹೇರೆತ್ತುಗಳನ್ನು ನೆನೆದ ಮೇಲೆ ಗಂಟು ಬಿಚ್ಚಿತು. ಎತ್ತಿಗೆ ಒಂದು ಕ್ವಿಂಟಲ್ ಹೇರು ಸಾಕು, ಹಿಂಡು ದಾರಿಯುದ್ದಕ್ಕೂ ಮೇಯುತ್ತದೆ, ಮೇವು ಹೊರುವ ಮಾತೇ ಇಲ್ಲ. ಆದರೆ ಹುಲ್ಲಿದ್ದಾಗ ಮಾತ್ರ. ಆದ್ದರಿಂದ ಮಳೆ ನಿಂತ ಮೇಲಿನ ನಾಲ್ಕು ತಿಂಗಳಲ್ಲಿ ವರ್ಷದ ಉಪ್ಪು ಘಟ್ಟ ಹತ್ತಬೇಕು. ವಿಜಯದಶಮಿಗೆ ದಂಡು ಹೊರಡುತ್ತಿದ್ದ ನಮ್ಮ ಪದ್ಧತಿಯೂ ಇದೇ ಹಂಗಾಮಿನದು. ನನ್ನ ಲೋಕದಲ್ಲೂ ದಂಡು, ವರ್ತಕರು, ಕಳ್ಳರು ಒಂದೇ ದಾರಿಯಲ್ಲಿ, ಒಂದೇ ಹುಲ್ಲಿಗೆ. ಜಗಳ ತಂದು ತುರುಕುವ ಕೆಲಸ ತಪ್ಪಿತು.

ಮಾಂತ್ರಿಕರನ್ನೂ ಇದಕ್ಕೇ ಕಟ್ಟಿಹಾಕಿದೆ. ಹಿಂದಿನ ಕರಡಿನಲ್ಲಿ ಗಾಯ ಮಾಯಿಸುವ ಮಂತ್ರ ಪುಕ್ಕಟೆ, ಹಾಗಾಗಿ ಯುದ್ಧದಲ್ಲಿ ಯಾರೂ ಸಾಯುತ್ತಿರಲಿಲ್ಲ, ನಾಟಿವೈದ್ಯರಿಗೆ ಕೆಲಸವೂ ಇಲ್ಲ. ಈಗ ಮಂತ್ರ ಹೇಳಿದಷ್ಟೂ ಮೈಯ ಉಪ್ಪು ಬೆವರಾಗಿ ಇಳಿಯುತ್ತದೆ. ಮಾಂತ್ರಿಕನಿಗೆ ಸುಸ್ತು, ಸ್ನಾಯುಸೆಳೆತ, ಭ್ರಮೆ. ಗಜನಿ ಯಾರ ಕೈಲಿದೆಯೋ ಮಾಂತ್ರಿಕರು ಅವರ ಆಳು. ಒಂದು ಮಂತ್ರಕ್ಕೆ ಎಷ್ಟು ಚಿಟಿಕೆ, ದಿನದ ದಾರಿಗೆ ಉಪ್ಪಿನ ಬೆಲೆ ಎಷ್ಟೇರುತ್ತದೆ ಎಂಬ ಹಾಳೆಯನ್ನು ಮಾತ್ರ ಇಲ್ಲಿ ಬಿಚ್ಚುವುದಿಲ್ಲ. ಪುಸ್ತಕ ಬರಲಿ.

ಹೆಸರುಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಹಳಗನ್ನಡದ ಪಕಾರ ಹಕಾರವಾದ ದಾರಿಯೇ ಸಾಕು. ಶಾಸನದಲ್ಲಿ ಪುಲಿಪಳ್ಳ, ಸಂತೆಯಲ್ಲಿ ಹುಲಿಹಳ್ಳ. ಓದುಗರಿಗೆ ಐನೂರು ವರ್ಷ ಕಳೆದದ್ದು ಹೇಳದೆಯೇ ತಿಳಿಯುತ್ತದೆ. ಅಡುಗೆಮನೆಯಿಂದ, ಕಡಲಾಚೆಯಿಂದ ಈಚೆಗೆ ಬಂದ ಮೆಣಸಿನಕಾಯಿ, ಆಲೂಗಡ್ಡೆ, ಕಡಲೆಕಾಯಿ ಹೊರಗೆ ಹಾಕಿದೆ, ಕಾಳುಮೆಣಸು ಹಿಪ್ಪಲಿ ಒಳಗೆ.

ನಡುವೆ ಎರಡು ಚಂದ್ರರ ಹುಚ್ಚು ಹತ್ತಿ ಮೂರು ವಾರ ಹಾಳಾಯಿತು. ಒಂದಕ್ಕೆ 30 ದಿನ, ಇನ್ನೊಂದಕ್ಕೆ 12 ದಿನ ಇಟ್ಟರೆ 60 ದಿನಕ್ಕೊಮ್ಮೆ ಜೋಡಿ ಹುಣ್ಣಿಮೆ, ಸಂತೆಯಷ್ಟೇ ಮಾಮೂಲು. 30ನ್ನು 29 ಮಾಡಿದರೆ 348 ದಿನಕ್ಕೊಮ್ಮೆ, ವರ್ಷಕ್ಕೊಂದು ಜಾತ್ರೆ. ಭಲೇ ಅಂದುಕೊಂಡೆ. ಆದರೆ 144–145ನೇ ದಿನ, 203–204ನೇ ದಿನವೂ ಎರಡು ಹುಣ್ಣಿಮೆಗಳು ಒಂದೇ ದಿನದ ಅಂತರದಲ್ಲಿ ಬೀಳುತ್ತವೆ, ಬರಿಗಣ್ಣಿಗೆ ವ್ಯತ್ಯಾಸ ಕಾಣದು. ಅಳಿಸಿಹಾಕುವ ಬದಲು ಅವೆರಡನ್ನೂ ಕಳ್ಳಹುಣ್ಣಿಮೆ ಎಂದು ಕರೆದು ಪಂಚಾಂಗದವರ ನಡುವೆ ಜಗಳ ಹಚ್ಚಿದ್ದೇನೆ. ಭರತ ಇಳಿತದ ಲೆಕ್ಕ ಇನ್ನೂ ಬಾಕಿ. ಜೋಡಿ ಹುಣ್ಣಿಮೆಯ ಉಬ್ಬರಕ್ಕೆ ಗಜನಿ ಮುಳುಗಿದರೆ ಆ ವರ್ಷ ಉಪ್ಪಿಲ್ಲ. ಎಂಟನೇ ಅಧ್ಯಾಯವನ್ನು ಮತ್ತೆ ಬರೆಯಬೇಕು.